ಡೈರಿ ಕ್ಯೂನಲ್ಲಿ ಬಂದ ಗಂಗಮ್ಮ

"ಯಾರಿಗೂ ಗೊತ್ತಾಗಲ್ಲ ಆಂಟಿ. ಬಸ್ಸಲ್ಲಿ ಕೂತ್ಕೊಂಡು ಮಾಡ್ಬಹುದು, ಸಾರಿಗೆ ಒಗ್ಗರಣೆ ಹಾಕ್ತಾ ಮಾಡ್ಬಹುದು, ಡೈರಿ ಕ್ಯೂನಲ್ಲಿ ನಿಂತ್ಕೊಂಡೂ ಮಾಡ್ಬಹುದು" ಎಂದು ಮೌನಿಕಾ ಮೇಡಂ ಹೇಳಿದ್ದರು. ಗಂಗಾಲಕ್ಷ್ಮಿ ಕೆಟ್ಟಿದ್ದು ಆ ಕೊನೆಯ ಮಾತನ್ನು ನಂಬಿ.

ಮೌನಿಕಾ ಕೋಲಾರದಲ್ಲಿ ಹೆಂಗಸರಿಗೆ ಫಿಸಿಯೋಥೆರಪಿ ಮಾಡುವ ಹುಡುಗಿ. ಗಂಗಾಲಕ್ಷ್ಮಿ ಸುಗಟೂರಿನ ಪಕ್ಕದ ಹಳ್ಳಿಯವಳು. ವಯಸ್ಸು ನಲವತ್ತನಾಲ್ಕು, ಎರಡು ಹೆರಿಗೆ, ಮೂರು ಸೀಮೆಹಸು, ಒಬ್ಬ ಗಂಡ, ಇವೆಲ್ಲದರ ಜೊತೆಗೆ ಯಾರಿಗೂ ಹೇಳದ ಒಂದು ಸಂಕಟ. ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ಅವಳಿಗೆ ಅಲ್ಲೇ ಮೂತ್ರ ಜಿನುಗುತ್ತಿತ್ತು. ನಾಲ್ಕು ವರ್ಷದಿಂದ ಅವಳು ನಗುವುದನ್ನೇ ಬಿಟ್ಟಿದ್ದಳು. ಊರಿನವರು ಅದಕ್ಕೆ ಬೇರೆ ಅರ್ಥ ಕಟ್ಟಿ, ಮಗಳು ನರ್ಸಿಂಗ್ ಸೇರಿದ ಮೇಲೆ ಇವಳಿಗೆ ಧಿಮಾಕು ಜಾಸ್ತಿಯಾಗಿದೆ ಎಂದು ಆಡಿಕೊಂಡರು.

ಗಂಡ ಕಾಂತರಾಜನಿಗೂ ಅವಳು ಹೇಳಿರಲಿಲ್ಲ. ಪ್ರತಿ ಮಂಗಳವಾರ ಹಲ್ಲು ತೋರಿಸಲು ಕೋಲಾರಕ್ಕೆ ಹೋಗುತ್ತೇನೆ ಎಂದಿದ್ದಳು. "ನಿಂಗೆ ಒಟ್ಟು ಎಷ್ಟು ಹಲ್ಲೈತೆ ಗಂಗಾ?" ಎಂದು ಅವನು ಒಂದು ಸಲ ಕೇಳಿದ್ದನ್ನು ಬಿಟ್ಟರೆ ಬೇರೆ ಅನುಮಾನವೇನೂ ಪಟ್ಟಿರಲಿಲ್ಲ.

ಮೇಡಂ ಹೇಳಿಕೊಟ್ಟ ವ್ಯಾಯಾಮ ಕೇಳಲು ಸುಲಭ. ಹೋಗುತ್ತಿರುವ ಮೂತ್ರವನ್ನು ನಡುವೆ ತಡೆದು ಹಿಡಿಯುವ ಹಾಗೆ ಕೆಳಗಿನ ಸ್ನಾಯುಗಳನ್ನು ಒಳಕ್ಕೆ ಬಿಗಿಯಬೇಕು, ಹತ್ತು ಎಣಿಸಬೇಕು, ಬಿಡಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಮೂರು ತಿಂಗಳು. ಒಂದು ಹೊತ್ತೂ ತಪ್ಪಿಸಬಾರದು. ಉಸಿರು ಹಿಡಿಯಬಾರದು, ಮುಖ ಬಿಗಿಯಬಾರದು ಎಂದೂ ಮೇಡಂ ಹೇಳಿದ್ದರು. ಆದರೆ ಕೆಳಗೆ ಬಿಗಿದರೆ ಗಂಗಾಲಕ್ಷ್ಮಿಗೆ ಮೇಲೆ ಕಣ್ಣುಗುಡ್ಡೆಯವರೆಗೂ ಎಲ್ಲವೂ ತಾನಾಗಿ ಬಿಗಿದುಕೊಳ್ಳುತ್ತಿತ್ತು.

ಆ ಬುಧವಾರ ಬೆಳಿಗ್ಗೆ ಆರು ಗಂಟೆ. ಡೈರಿಯಲ್ಲಿ ಫ್ಯಾಟು ನೋಡುವ ಮಿಷನ್ನು ಕೆಟ್ಟು ಕ್ಯೂ ನಿಂತಲ್ಲೇ ನಿಂತಿತ್ತು. ಸುಮ್ಮನೆ ನಿಲ್ಲುವ ಬದಲು ಬೆಳಗಿನ ಹೊತ್ತಿನದನ್ನು ಮುಗಿಸಿಬಿಡೋಣವೆಂದು ಗಂಗಾಲಕ್ಷ್ಮಿ ಕ್ಯಾನನ್ನು ಕೆಳಗಿಟ್ಟು, ಗೋಡೆಯ ಟ್ಯೂಬ್‌ಲೈಟಿನ ಮೇಲೆ ಕಣ್ಣು ನೆಟ್ಟು ಶುರು ಮಾಡಿದಳು. ಒಂದು. ಎರಡು. ಮೂರು. ತುಟಿ ಅಲುಗುತ್ತಿತ್ತು. ನಾಲ್ಕು. ಐದು. ಮುಖ ಕೆಂಪೇರಿತು. ಅಷ್ಟರಲ್ಲಿ ಯಾರೋ ಬೂಸದ ಮೂಟೆಯನ್ನು ಪಕ್ಕದಲ್ಲೇ ದೊಪ್ಪನೆ ಇಳಿಸಿದರು. ಧೂಳು ನೇರವಾಗಿ ಮೂಗಿಗೆ ಹೊಕ್ಕಿತು.

ಸೀನು ಬಂದರೆ ಕಥೆ ಮುಗಿಯಿತು. ಗಂಗಾಲಕ್ಷ್ಮಿ ಮೇಲಿಂದ ಸೀನನ್ನೂ ಕೆಳಗಿಂದ ಮಾನವನ್ನೂ ಒಟ್ಟಿಗೆ ತಡೆಹಿಡಿದಳು. ಮೈ ಗಡಗಡ ನಡುಗಿತು. ತುರುಬು ಬಿಚ್ಚಿಕೊಂಡಿತು. ಕಣ್ಣಲ್ಲಿ ನೀರಿಳಿಯಿತು. ಗಂಟಲಿನಿಂದ "ಹ್ಞೂಂ... ಹ್ಞೂಂ..." ಎಂಬ ಸದ್ದು ಹೊರಟಿತು.

ಹಿಂದೆ ನಿಂತಿದ್ದವಳು ಪಕ್ಕದ ಮನೆಯ ಭಾರತಮ್ಮ. ಗೌನಿಪಲ್ಲಿ ಕಡೆಯ ಹೆಣ್ಣು. ಹೆದರಿದಾಗ ಅವಳ ಬಾಯಲ್ಲಿ ತೆಲುಗೇ ಬರುವುದು.

"ಅಮ್ಮೋ! ಗಂಗಮ್ಮ ತಲ್ಲಿ ವಚ್ಚಿಂದಿ!" ಎಂದು ಕಿರುಚಿ ಭಾರತಮ್ಮ ಕ್ಯಾನು ಬಿಟ್ಟಳು. ಆರು ಲೀಟರ್ ಹಾಲು ಡೈರಿ ತುಂಬ ಹರಿಯಿತು.

ಗಂಗಮ್ಮ ತಾಯಿ ಬಂದಳೆಂದು ಅವಳು ಕಿರುಚಿದ್ದಕ್ಕೂ ಕಾರಣವಿತ್ತು. ಊರದೇವತೆ ಗಂಗಮ್ಮ ಇಪ್ಪತ್ತು ವರ್ಷ ತಪ್ಪದೆ ಇದೇ ಊರಿನ ಮುನಿಯಲ್ಲಮ್ಮನ ಮೈಮೇಲೆ ಬರುತ್ತಿದ್ದಳು. ತಂಬಿಟ್ಟಿನ ದೀಪ ಹೊರುವ ಹಬ್ಬದ ದಿನ ಮುನಿಯಲ್ಲಮ್ಮ ತಮಟೆಗೆ ಕುಣಿದರೆ ನೋಡಲು ಮುಳಬಾಗಿಲಿನಿಂದಲೂ ಜನ ಬರುತ್ತಿದ್ದರು. ಎರಡು ವರ್ಷದಿಂದ ಅದು ನಿಂತುಹೋಗಿತ್ತು. ಕೇಳಿದರೆ ಮುನಿಯಲ್ಲಮ್ಮ "ಅಮ್ಮ ಮೌನವಾಗವ್ಳೆ" ಎನ್ನುವಳು. ತಾನು ಪ್ರತಿ ಶುಕ್ರವಾರ ಕೋಲಾರಮ್ಮನ ದರ್ಶನಕ್ಕೆ ಹೋಗಿ ಬೇಡಿಕೊಳ್ಳುತ್ತಿದ್ದೇನೆ ಎನ್ನುವಳು. ದೇವರಿಲ್ಲದೆ ಊರಿಗೆ ಊರೇ ಕಂಗಾಲಾಗಿತ್ತು. ಹಸಿದವನಿಗೆ ಹಳಸಿದ್ದೂ ಮೃಷ್ಟಾನ್ನ ಎನ್ನುವ ಹಾಗೆ, ಈಗ ಯಾರು ನಡುಗಿದರೂ ಸಾಕಾಗಿತ್ತು.

ಎರಡೇ ನಿಮಿಷದಲ್ಲಿ ಗಂಗಾಲಕ್ಷ್ಮಿಯ ಕೈಗೆ ಬೇವಿನ ಸೊಪ್ಪು ಬಂತು, ಹಣೆಗೆ ಅರಿಶಿನ ಬಂತು. ಗುಡಿಯ ಯಜಮಾನ ಚನ್ನರಾಯಪ್ಪ ಹಲ್ಲುಜ್ಜುವ ಬ್ರಷ್ಷಿನ ಸಮೇತ ಓಡಿ ಬಂದ.

"ಅಯ್ಯೋ, ಬಿಡ್ರಿ! ನನ್ನ ಮೈಮೇಲೆ ಯಾರೂ ಬಂದಿಲ್ಲ!" ಎಂದಳು ಗಂಗಾಲಕ್ಷ್ಮಿ.

"ನೋಡಿದ್ರಾ? ಮುನಿಯಲ್ಲಮ್ಮಕ್ಕನೂ ಮೊದಲ್ನೇ ಸಲ ಹಿಂಗೇ ಅಂದಿದ್ದು" ಎಂದಳು ಭಾರತಮ್ಮ, ಹಾಲಿನ ನಷ್ಟವನ್ನು ಆಗಲೇ ಮರೆತು.

ಚನ್ನರಾಯಪ್ಪ ಬಾಯಿಂದ ಬ್ರಷ್ಷು ತೆಗೆದು ಕೈಮುಗಿದ. "ಹಂಗಾದ್ರೆ ಕ್ಯೂನಲ್ಲಿ ಅದೇನಮ್ಮ ಎಣಿಸ್ತಾ ಇದ್ಯಂತೆ? ಮೈ ಯಾಕೆ ಹಂಗೆ ನಡುಗ್ತಾ ಇತ್ತಂತೆ?"

ನಿಜ ನಾಲಿಗೆಯ ತುದಿಗೆ ಬಂತು. ಸುತ್ತ ಮೂವತ್ತು ಜನ. ಅವರಲ್ಲಿ ಅರ್ಧದಷ್ಟು ಗಂಡಸರು. ಚನ್ನರಾಯಪ್ಪನಂತೂ ವರಸೆಯಲ್ಲಿ ಮಾವನಾಗಬೇಕು. ಇವರೆದುರು ಉಚ್ಚೆಯ ಮಾತು ಆಡುವುದಕ್ಕಿಂತ ದೇವರಾಗುವುದೇ ವಾಸಿ ಎನಿಸಿ ಅವಳು ಬಾಯಿ ಮುಚ್ಚಿಕೊಂಡಳು.

"ಮೌನ! ಅಮ್ಮನ ಮೌನ!" ಎಂದು ಚನ್ನರಾಯಪ್ಪ ಅಲ್ಲೇ ಹಾಲಿನ ಮೇಲೆ ಅಡ್ಡಬಿದ್ದ.

ಜನ ಅವಳನ್ನು ಮೆರವಣಿಗೆಯಲ್ಲೇ ಮನೆಗೆ ತಂದರು. ಅಂಗಳದಲ್ಲಿ ಕೂರಿಸಿ ತಲೆಯ ಮೇಲೆ ಮೂರು ಕೊಡ ಅರಿಶಿನದ ನೀರು ಸುರಿದರು. ತಣ್ಣೀರು ಬಿದ್ದರೆ ಅವಳ ಕಾಯಿಲೆ ಸುಮ್ಮನಿರುತ್ತದೆಯೇ? ಬಚ್ಚಲಿಗೆ ಓಡಬೇಕೆನಿಸಿ ಜೀವ ಬಾಯಿಗೆ ಬಂತು. ಅದೇ ಹೊತ್ತಿಗೆ ವೇಮಗಲ್ ಫ್ಯಾಕ್ಟರಿಯ ನೈಟ್ ಶಿಫ್ಟು ಮುಗಿಸಿ ಕಾಂತರಾಜ ಬಂದ.

ಗಂಡನ ಮುಖ ಕಂಡು ಅವಳಿಗೆ ಹೋದ ಜೀವ ಬಂದಂತಾಯಿತು. ಇಷ್ಟು ವರ್ಷ ಸಂಸಾರ ಮಾಡಿದವನು, ತನ್ನನ್ನು ಬಲ್ಲವನು, ಇವರನ್ನೆಲ್ಲ ಗದರಿಸಿ ಓಡಿಸುತ್ತಾನೆ ಎಂದುಕೊಂಡಳು. ಕಾಂತರಾಜ ಟಿಫನ್ ಕ್ಯಾರಿಯರನ್ನು ಕೆಳಗಿಟ್ಟು, ನೆಟ್ಟಗೆ ಬಂದು ಹೆಂಡತಿಯ ಕಾಲಿಗೆ ಬಿದ್ದ.

"ರೀ! ಏನ್ರೀ ಇದು, ಏಳ್ರೀ!"

"ತಪ್ಪಾಯ್ತು ತಾಯಿ. ನಿಂಗೆ ಎಲ್ಲಾ ಗೊತ್ತಿರ್ತದೆ. ಓಟಿ ಐತೆ ಅಂತ ಹೇಳಿ ಮಾಲೂರಲ್ಲಿ ಬಾಡೂಟಕ್ಕೆ ಹೋಗಿದ್ದೆ. ನಾಲ್ಕು ಸಲ. ಮಿಕ್ಸಿ ಸುಟ್ಟಿದ್ದು ನಾನೇ. ಅತ್ತೆ ಮೇಲೆ ಹಾಕ್ಬಿಟ್ಟೆ."

ಗಂಗಾಲಕ್ಷ್ಮಿ ಬೆಚ್ಚಿಬಿದ್ದಳು. ಆ ಮಿಕ್ಸಿಯ ದೆಸೆಯಿಂದ ಅವಳ ತಾಯಿ ಒಂದು ವರ್ಷ ಈ ಮನೆಯ ಹೊಸಿಲು ತುಳಿದಿರಲಿಲ್ಲ. ಅವಳ ಕಣ್ಣು ಕೆಂಡವಾಯಿತು, ಮೈ ನಿಜಕ್ಕೂ ನಡುಗಿತು.

"ಅಮ್ಮನಿಗೆ ಕೋಪ ಬಂತು! ಇನ್ನೊಂದು ಕೊಡ ತರ್ರೋ!" ಎಂದ ಚನ್ನರಾಯಪ್ಪ.

"ಬಚ್ಚಲು!" ಎಂದು ಗಂಗಾಲಕ್ಷ್ಮಿ ಕೂಗಿಕೊಂಡು ಎದ್ದಳು. ಆ ದನಿಗೆ ಜನ ಹೆದರಿ ದಾರಿ ಬಿಟ್ಟರು. ಅಮ್ಮ ಎಲ್ಲಿಗೆ ಹೊರಟರೂ ಬಿಟ್ಟಿರಬಾರದೆಂದು ನಾಲ್ಕು ಹೆಂಗಸರು ಬೇವಿನ ಸೊಪ್ಪು ಹಿಡಿದು ಬಚ್ಚಲ ಬಾಗಿಲಲ್ಲಿ ಕಾವಲು ನಿಂತರು.

ಒಳಗೆ ಚಿಲಕ ಹಾಕಿ, ಮೈ ಹಗುರ ಮಾಡಿಕೊಂಡು, ಅವಳು ಗೋಡೆಗೊರಗಿ ಬಿಕ್ಕಿದಳು. ಹೆತ್ತ ಮಗಳಿಗೆ ಹೇಳಲಾಗದ್ದನ್ನು, ಕಟ್ಟಿಕೊಂಡ ಗಂಡನಿಗೆ ಹೇಳಲಾಗದ್ದನ್ನು ಇಪ್ಪತ್ತೇಳು ವರ್ಷದ ಆ ಹುಡುಗಿಯ ಮುಂದೆ ಕಷ್ಟಪಟ್ಟು ಬಾಯಿಬಿಟ್ಟಿದ್ದಳು. ಗುಣವಾಗುತ್ತೆ ಆಂಟಿ, ಇದು ಎಷ್ಟೋ ಜನಕ್ಕಿರುತ್ತೆ ಎಂದು ಆ ಹುಡುಗಿ ಕೈಹಿಡಿದು ಹೇಳಿದ್ದಳು. ಎರಡು ವಾರದಿಂದ ಒಂದು ಹೊತ್ತೂ ತಪ್ಪಿಸಿರಲಿಲ್ಲ. ಇವರ ದೆಸೆಯಿಂದ ಇವತ್ತು ಯಾಕೆ ತಪ್ಪಿಸಲಿ ಎಂದು ಛಲ ಬಂದು, ಅವಳು ಅಲ್ಲೇ ನಿಂತು ಬಾಕಿ ಮುಗಿಸತೊಡಗಿದಳು. ಬಾಗಿಲಿಗೆ ಕಿವಿಯಿಟ್ಟಿದ್ದ ಭಾರತಮ್ಮನಿಗೆ ಅದು ಕೇಳಿಸಿತು.

"ಅಮ್ಮ ಎಣಿಸ್ತಾವ್ಳೆ! ಹತ್ತಕ್ಕೆ ನಿಲ್ಲಿಸ್ತಾವ್ಳೆ! ಮತ್ತೆ ಹತ್ತು!"

"ಇನ್ನು ಹತ್ತು ದಿನಕ್ಕೆ ದೀಪ ಮಾಡಿ ಅಂತ ಅಪ್ಪಣೆ" ಎಂದು ಚನ್ನರಾಯಪ್ಪ ತೀರ್ಮಾನ ಮಾಡಿ, ತಮಟೆಯವರಿಗೆ ಫೋನು ಹಚ್ಚಿದ.

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಪ್ರಶ್ನೆ ಕೇಳುವವರ ಸಾಲು. ಒಬ್ಬನ ಹಸು ನಾಲ್ಕು ಇಂಜೆಕ್ಷನ್ ಕೊಡಿಸಿದರೂ ಗಬ್ಬ ನಿಂತಿರಲಿಲ್ಲ. "ಹಸು ಡಾಕ್ಟ್ರನ್ನ ಕೇಳೋಗಪ್ಪ" ಎಂದಳು. ಇಷ್ಟು ನೇರವಾಗಿ ಹೇಳುವ ದೇವರನ್ನು ಅವನು ನೋಡೇ ಇರಲಿಲ್ಲವಂತೆ. ಕಣ್ಣೀರು ಒರೆಸಿಕೊಂಡು ಹೋದ. ಇನ್ನೊಬ್ಬಳು ಸೊಸೆಯ ಬಾಯಿ ಮುಚ್ಚಿಸಲು ಉಪಾಯ ಕೇಳಿದಳು. ಗಂಗಾಲಕ್ಷ್ಮಿಗೆ ತಡೆಯಲಾರದಷ್ಟು ನಗು ಬಂತು. ನಕ್ಕರೆ ಗತಿಯೇನೆಂದು ನೆನೆದು ಹಲ್ಲು ಕಚ್ಚಿ ಬಿಗಿಹಿಡಿದಳು. ಆ ಮುಖ ನೋಡಿದ ಹೆಂಗಸು ಉಪಾಯವೂ ಬೇಡ ಏನೂ ಬೇಡವೆಂದು ಎದ್ದು ಓಡಿದಳು.

ಸಂಜೆಗೆ ಚನ್ನರಾಯಪ್ಪನಿಗೆ ಒಂದು ನಿಯಮ ನೆನಪಾಯಿತು. "ಹೊಸಬರ ಮೈಮೇಲೆ ಅಮ್ಮ ಬಂದ್ರೆ ಹಳಬರು ಪರೀಕ್ಷೆ ಮಾಡ್ಬೇಕು. ನಿಜಾನೋ ಸುಳ್ಳೋ ಮುನಿಯಲ್ಲಮ್ಮನೇ ಹೇಳ್ಲಿ."

ಗಂಗಾಲಕ್ಷ್ಮಿಗೆ ದಡ ಕಂಡಂತಾಯಿತು. ಮುನಿಯಲ್ಲಮ್ಮನಿಗೆ ಇಪ್ಪತ್ತು ವರ್ಷದ ಸರ್ವೀಸು. ಒಂದೇ ನೋಟಕ್ಕೆ ಸುಳ್ಳೆಂದು ಹೇಳುತ್ತಾಳೆ. ನಾಟಕ ಆಡಿದಳೆಂದು ಊರು ನಾಲ್ಕು ದಿನ ಬಯ್ಯುತ್ತದೆ, ಬಯ್ಯಲಿ. ಗುಟ್ಟಂತೂ ಉಳಿಯುತ್ತದೆ.

ಮುನಿಯಲ್ಲಮ್ಮ ಬಂದಳು. ಅರವತ್ತರ ಹೆಂಗಸು, ರೂಪಾಯಿಯಗಲ ಕುಂಕುಮ, ನಿಧಾನ ನಡಿಗೆ. ಒಳಕೋಣೆಯಿಂದ ಎಲ್ಲರನ್ನೂ ಆಚೆ ಕಳಿಸಿ ಬಾಗಿಲು ಮುಂದೆ ಮಾಡಿದಳು. ಗಂಗಾಲಕ್ಷ್ಮಿಯ ಎದುರು ಕೂತು, ಮುಖವನ್ನೇ ನೋಡಿ, ಅವಳ ಕೆಳಹೊಟ್ಟೆಯ ಮೇಲೆ ಕೈಯಿಟ್ಟಳು.

"ಎಷ್ಟರವರ್ಗೂ ಎಣಿಸ್ತೀಯೇ?" ಎಂದು ಮೆಲ್ಲಗೆ ಕೇಳಿದಳು.

"ಹತ್ತು... ಅಕ್ಕಾ."

"ಉಸಿರು ಹಿಡಿದು ಮಾಡ್ಬಾರ್ದು ಕಣೇ. ಮುಖ ಹಂಗೆ ಕೆಂಪಗಾಗ್ತದೆ. ಮೌನಿಕಾ ಮೇಡಂ ಹೇಳ್ಲಿಲ್ವಾ?"

ಆಚೆ ಯಾರಾದರೂ ಕೇಳಿಸಿಕೊಂಡರೇ ಎಂದು ಗಂಗಾಲಕ್ಷ್ಮಿ ದಡಕ್ಕನೆ ಬಾಗಿಲ ಕಡೆ ನೋಡಿದಳು. ಸಿಡಿಲು ಬಡಿದಿದ್ದರೂ ಅಷ್ಟು ದಿಗಿಲಾಗುತ್ತಿರಲಿಲ್ಲ.

"ನಿಂದು ಮಂಗಳವಾರ, ನಂದು ಶುಕ್ರವಾರ" ಎಂದಳು ಮುನಿಯಲ್ಲಮ್ಮ. "ನೀನು ಹತ್ತು ಎಣಿಸ್ತೀಯ ಅಂತ ಜನ ಹೇಳಿದಾಗ್ಲೇ ಗೊತ್ತಾಯ್ತು, ಹಲ್ಲಿಗೆ ಅಂತ ಕೋಲಾರಕ್ಕೆ ಹೋಗೋದು ಇದಕ್ಕೇ ಅಂತ. ನಾನೂ ಹೋದ ತಿಂಗಳಿಂದ ಹೋಗ್ತಾ ಇದೀನಿ. ಅದಕ್ಕೂ ಮುಂಚೆ ಎಲ್ಲಿ ತೋರಿಸ್ಬೇಕು ಅಂತಾನೇ ಗೊತ್ತಿರ್ಲಿಲ್ಲ. ಎರಡು ವರ್ಷ ಕೋಲಾರಮ್ಮನ ಮುಂದೆ ಅತ್ತಿದ್ದೇ ಬಂತು. ಅವತ್ತು ದೀಪದ ದಿವಸ, ತಮಟೆ ಏಟಿಗೆ ಒಂದು ನೆಗೆತ ನೆಗೆದೆ ನೋಡು, ನಿಂತಲ್ಲೇ ಆಗೋಯ್ತು. ಆಮೇಲೆ ಅಮ್ಮ ಕರೆದ್ರೂ ನಾನು ಏಳಲಿಲ್ಲ. ಹೆಂಗೆ ಕುಣೀಲಿ? ಹೇಳು."

ಗಂಗಾಲಕ್ಷ್ಮಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ನಾಲ್ಕು ವರ್ಷದಿಂದ ಒಬ್ಬಳೇ ಹೊತ್ತ ನಾಚಿಕೆಗೆ ಈ ಊರಿನಲ್ಲೇ ಜೊತೆಯಿತ್ತು. ಅವಳು ಮುನಿಯಲ್ಲಮ್ಮನ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ. ಇದು ಅಮ್ಮ ಅಲ್ಲ ಅಂತ ಆಚೆ ಹೇಳ್ಬಿಡು."

"ನಾನಿಲ್ವಾ ಕಣೇ, ಹೇಳ್ತೀನಿ ಇರು" ಎಂದು ಅವಳ ಕೆನ್ನೆ ಸವರಿ ಮುನಿಯಲ್ಲಮ್ಮ ಎದ್ದಳು. ಬಾಗಿಲು ತೆಗೆದಳು. ಅಂಗಳದಲ್ಲಿ ಊರೆಲ್ಲ ಉಸಿರು ಬಿಗಿಹಿಡಿದು ನಿಂತಿತ್ತು. ಮುನಿಯಲ್ಲಮ್ಮ ಬೇವಿನ ಸೊಪ್ಪನ್ನು ಮೇಲಕ್ಕೆತ್ತಿ, ಎರಡು ವರ್ಷದಿಂದ ಊರು ಕೇಳದಿದ್ದ ದನಿಯಲ್ಲಿ ಕೂಗಿದಳು.

"ಕೇಳ್ರಪ್ಪೋ! ಅಮ್ಮ ನನ್ನ ಮೈ ಬಿಟ್ಟು ಇವಳ ಮೈಗೆ ಬಂದವ್ಳೆ! ನನ್ನ ಕೆಲಸ ಇವತ್ತಿಗೆ ಮುಗೀತು, ಇನ್ಮೇಲೆ ನನ್ನ ಯಾರೂ ಕೇಳ್ಬಾರ್ದು! ಹತ್ತು ದಿನಕ್ಕೆ ದೀಪ! ಗುಡಿಯಿಂದ ಕೆರೆ ಕೋಡಿವರ್ಗೂ ತಮಟೆಗೆ ಕುಣಿಯೋಳು ಇವ್ಳೇ!"

ಹೋ ಎಂದು ಕೂಗು ಎದ್ದಿತು. ತಮಟೆಯವರು ಒಂದೇಟು ಹಾಕಿಯೇಬಿಟ್ಟರು. ಕಾಂತರಾಜ ಮತ್ತೊಮ್ಮೆ ಉದ್ದಂಡ ಬಿದ್ದ. ಗಂಗಾಲಕ್ಷ್ಮಿ ಬಾಗಿಲ ಚೌಕಟ್ಟು ಹಿಡಿದು ನಿಂತು, ಮುನಿಯಲ್ಲಮ್ಮನ ಸೆರಗು ಎಳೆದಳು.

"ಏನಕ್ಕಾ ಹಿಂಗ್ ಮಾಡ್ಬಿಟ್ಟೆ! ಕೆಮ್ಮಿದ್ರೇ ತಡಿಯಕ್ಕಾಗಲ್ಲ ನಂಗೆ. ಕೋಡಿವರ್ಗೂ ಕುಣಿದ್ರೆ ನನ್ನ ಗತಿ ಏನು?"

"ಗೊತ್ತು ಕಣೇ, ನಂಗೊತ್ತಿಲ್ವಾ" ಎಂದಳು ಮುನಿಯಲ್ಲಮ್ಮ, ತನ್ನ ಹಣೆಯ ಕುಂಕುಮವನ್ನು ತೆಗೆದು ಅವಳ ಹಣೆಗಿಡುತ್ತ. "ಹೆಜ್ಜೆಗೊಂದು ಕೊಡ ನೀರು ಹುಯ್ಯಕ್ಕೆ ಹೇಳ್ತೀನಿ. ಯಾರಿಗೂ ಗೊತ್ತಾಗಲ್ಲ."