ಮಾಮನ ಪಾಲಿನ ಬೇವು

ಯುಗಾದಿ ಎಂದರೆ ನಿಮಗೆಲ್ಲ ಹೊಸ ಬಟ್ಟೆ, ಒಬ್ಬಟ್ಟು ನೆನಪಾಗಬಹುದು. ನನಗೆ ಮಾತ್ರ ಇವತ್ತಿಗೂ ಕೈಕಾಲು ತಣ್ಣಗಾಗುತ್ತವೆ! ಕಾರಣ ನಮ್ಮ ಸೋದರಮಾವ. ಊರವರೆಲ್ಲ ಹೊಸ ವರ್ಷವನ್ನು ಮನೆಗೆ ಕರೆಯುವ ಸಡಗರದಲ್ಲಿದ್ದರೆ, ನಮ್ಮ ಮಾಮ ಹಳೇ ವರ್ಷದ ಕುತ್ತಿಗೆಪಟ್ಟಿ ಹಿಡಿದು "ಎಲ್ಲಿಗೆ ಹೊರಟೆ? ಜವಾಬು ಹೇಳಿ ಹೋಗು" ಎನ್ನುವ ಆಸಾಮಿ.

ಎಪ್ಪತ್ತರ ದಶಕದ ಕೊನೆಯ ಮಾತು. ಅಪ್ಪನಿಗೆ ಕೋಲಾರದಲ್ಲಿ ನೌಕರಿ. ಯುಗಾದಿಗೆ ಮಾತ್ರ ನಾವು ಮುಳಬಾಗಿಲಿನ ಬಸ್ಸು ಹತ್ತಿ, ಆವನಿಯ ಮಗ್ಗುಲಿನ ಹಳ್ಳಿಯಲ್ಲಿದ್ದ ಮಾಮನ ಮನೆಗೆ ಹೋಗಲೇಬೇಕು. ತಮ್ಮನ ಮನೆಯ ಹಬ್ಬ ತಪ್ಪಿಸಬಾರದೆಂಬುದು ಅಮ್ಮನ ಕಟ್ಟಪ್ಪಣೆ. ಎಣ್ಣೆಸ್ನಾನ, ಪೂಜೆ ಮುಗಿಯುತ್ತಲೇ ಮಾಮ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಎದುರಿಗೆ ಒಂದು ಬಟ್ಟಲಲ್ಲಿ ಬೇವಿನ ಹೂವು, ಇನ್ನೊಂದರಲ್ಲಿ ಕುಟ್ಟಿದ ಬೆಲ್ಲ. ಬೇರೆ ಮನೆಗಳಲ್ಲಿ ಎರಡನ್ನೂ ಬೆರೆಸಿ ಎಲ್ಲರಿಗೂ ಒಂದೇ ಸಮ ಹಂಚುತ್ತಾರೆ. ಇಲ್ಲಿ ಹಾಗಲ್ಲ. ಒಬ್ಬೊಬ್ಬರೇ ಮಾಮನ ಮುಂದೆ ನಿಂತು ಉತ್ತರ ಕೊಡಬೇಕು. ಹೋದ ವರ್ಷ ಮಾಡಿದ್ದರಲ್ಲಿ ಮತ್ತೆ ಮಾಡುವಂಥದ್ದು ಯಾವುದು? ಮತ್ತೆ ಮಾಡಬಾರದ್ದು ಯಾವುದು? ವರ್ಷವನ್ನು ಸಿಹಿಯಾಗಿ ಕಳೆದವರಿಗೆ ಬೇವು ಜಾಸ್ತಿ, ಕಹಿ ಉಂಡವರಿಗೆ ಬೆಲ್ಲ ಜಾಸ್ತಿ. ಇದು ಮಾಮನ ಕಾನೂನು. ಉತ್ತರ ತಡವಾದರೆ ಅವರಿಗೆ ಕೋಪ ಬರುತ್ತಿತ್ತು. ಕೋಪ ಬಂದರೆ ಕನ್ನಡ ಮಾಯವಾಗಿ ತೆಲುಗು ಹೊರಡುತ್ತಿತ್ತು. "ಏಮಿರಾ! ಸರಿಗಾ ಚೆಪ್ಪು!" ಅಂದರೆ, ಏನೋ, ಸರಿಯಾಗಿ ಹೇಳು ಅಂತ.

ಕಾನೂನೆಂದ ಮೇಲೆ ಅದರಲ್ಲಿ ಸಂದು ಹುಡುಕುವವರು ಇರಬೇಡವೇ? ಒಂದು ವರ್ಷ ನಾನು ಲೆಕ್ಕದಲ್ಲಿ ನಪಾಸಾಗಿ ಅಳುತ್ತಾ ನಿಂತೆ. ಬೊಗಸೆ ತುಂಬ ಬೆಲ್ಲ ಸಿಕ್ಕಿತು. ಮರುವರ್ಷ ಮಾಮನ ಮಕ್ಕಳೆಲ್ಲ ಸಾಲಾಗಿ ಅಳುತ್ತಾ ಬಂದರು! ಒಬ್ಬನಿಗೆ ವರ್ಷವಿಡೀ ಹಲ್ಲುನೋವಂತೆ, ಇನ್ನೊಬ್ಬಳನ್ನು ಯಾರೂ ಜೊತೆಗೆ ಆಡಿಸಿಕೊಳ್ಳಲಿಲ್ಲವಂತೆ. ಹಲ್ಲುನೋವಿನವನಿಗೆ ಬೆಲ್ಲ ಕೊಡುವುದು ಹೇಗೆಂದು ಯೋಚಿಸಿ ಮಾಮ ಅವನಿಗೆ ಬರೀ ಬೇವನ್ನೇ ಕೊಟ್ಟರು.

ಹಸುವಿಗೂ ವಿಚಾರಣೆ ತಪ್ಪಲಿಲ್ಲ. ಒಣಹಾಕಿದ್ದ ಅತ್ತೆಯ ಸೀರೆಯನ್ನು ಅದು ಮೇದುಬಿಟ್ಟಿತ್ತು. ಸೀರೆ ತಿಂದ ವರ್ಷ ಹಸುವಿನ ಪಾಲಿಗೆ ಸಿಹಿಯೇ ತಾನೆ? ಮಾಮ ಒಂದು ಹೊರೆ ಬೇವಿನ ಸೊಪ್ಪನ್ನು ಅದರ ಮುಂದೆ ಹಾಕಿದರು. ಅದು ಚಪ್ಪರಿಸಿಕೊಂಡು ತಿಂದು, ಇನ್ನೂ ಇದೆಯಾ ಎಂಬಂತೆ ನೋಡಿತು. ಮುಂದಿನ ವರ್ಷ ಮಾಮನ ಪಂಚೆಯೂ ಹೋಯಿತು!

ಮಾಮ ಹೆದರುತ್ತಿದ್ದದ್ದು ಅತ್ತೆಗೆ ಮಾತ್ರ. ಒಮ್ಮೆ ಅವರನ್ನೂ ಕರೆದು ನಿಲ್ಲಿಸಿ, "ಹೋದ್ವರ್ಷ ಏನು ತಪ್ಪು ಮಾಡ್ದೆ, ಹೇಳು" ಎಂದರು.

"ಕೇಳೋಕೆ ಮೊದ್ಲೇ ಒಬ್ಬಟ್ಟು ಮಾಡಿಟ್ಟಿದ್ದೆ ನೋಡಿ, ಅದೇ ತಪ್ಪು" ಎಂದರು ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ. "ಈ ಸಲ ಹೂರಣ ಹಂಗೇ ಇದೆ. ನಿಮ್ಮ ವಿಚಾರಣೆ ಹೆಂಗಾಗತ್ತೋ ನೋಡ್ಕೊಂಡು ತಟ್ತೀನಿ."

ಅತ್ತೆಯ ವಿಚಾರಣೆ ಅಲ್ಲಿಗೇ ಮುಗಿಯಿತು. ಮತ್ತೆಂದೂ ಅವರನ್ನು ಕರೆಯಲಿಲ್ಲ.

ಹೋದ ವರ್ಷದಿಂದ ಪಾಠ ಕಲಿಯುವುದರಲ್ಲಂತೂ ಮಾಮನನ್ನು ಮೀರಿಸುವವರಿರಲಿಲ್ಲ. ಅವರ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಒಂದು ಸಲ ಗೂಡು ಬಂಗಾರದಂತೆ ಬಂತು. ಇದಕ್ಕೆ ಏನು ಕಾರಣವೆಂದು ಮಾಮ ತಲೆ ಕೆಡಿಸಿಕೊಂಡು ಹುಡುಕಿದರು. ಆ ಬೆಳೆಯ ಹೊತ್ತಿನಲ್ಲಿ ತಮಗೆ ಭಾರಿ ನೆಗಡಿಯಾಗಿತ್ತೆಂಬುದು ನೆನಪಾಯಿತು. ಸರಿ, ಮರುವರ್ಷ ಹುಳುಗಳು ಮೇವು ಬಿಟ್ಟು ಪೊರೆ ಕಳಚುವ ಮೂರನೇ ಜ್ವರಕ್ಕೆ ಬರುತ್ತಲೇ ಮಾಮ ಬೆಳಗಿನ ಚಳಿಯಲ್ಲಿ ಬಾವಿ ಕಟ್ಟೆಯ ಮೇಲೆ ಕೂತು ತಣ್ಣೀರು ಸುರಿದುಕೊಂಡರು! ನೆಗಡಿ ಬಂತು. ಗೂಡೂ ಚೆನ್ನಾಗಿ ಬಂತು! ಮಾಮ ಮೀಸೆ ತಿರುವಿಕೊಂಡು ಊರೆಲ್ಲ ಸೀನುತ್ತಾ ಓಡಾಡಿದರು.

ನಿಜವಾದ ಕಾರಣವನ್ನು ಅತ್ತೆ ಅಡುಗೆಮನೆಯಲ್ಲಿ ಅಮ್ಮನ ಕಿವಿಯಲ್ಲಿ ಹೇಳಿದರು. "ಅವ್ರಿಗೆ ನೆಗಡಿ ಆದ್ರೆ ನಾನು ಹುಳುಮನೆ ಒಳಕ್ಕೆ ಬಿಡಲ್ಲ ಅತ್ತಿಗೆ. ಅವ್ರು ಒಳಗೆ ಬಂದ್ರೆ ತಟ್ಟೆ ತಟ್ಟೆಗೂ ಕೈಯಾಡಿಸಿ ಹುಳ ಸಾಯಿಸ್ತಾರೆ. ಇದನ್ನ ಹೇಳ್ಬಿಡಬೇಡಿ, ಆಮೇಲೆ ನೆಗಡಿ ಮಾಡ್ಕೊಳ್ಳೋದು ಬಿಟ್ಬಿಡ್ತಾರೆ!"

ಹೀಗೆ ಎಲ್ಲರ ವರ್ಷವನ್ನೂ ಜಾಲಾಡುತ್ತಿದ್ದ ಮಾಮನಿಗೆ ತಮ್ಮ ಕೈ ಎಲ್ಲೆಲ್ಲಿ ಆಡಿದೆಯೆಂಬುದು ಮಾತ್ರ ಕಾಣುತ್ತಿರಲಿಲ್ಲ. ನಾವು ಅದಕ್ಕೂ ನಗುತ್ತಿದ್ದೆವು.

ನನ್ನ ಅಕ್ಕನ ಮದುವೆಯಾದ ಮರುವರ್ಷದ ಯುಗಾದಿಯಲ್ಲಿ ಮಾತ್ರ ಯಾರಿಗೂ ನಗು ಬರಲಿಲ್ಲ. ಶ್ರೀನಿವಾಸಪುರದ ಕಡೆಯ ಸಂಬಂಧ, ಮಾಮನೇ ಹುಡುಕಿ ತಂದದ್ದು. ಗಂಡಿನ ಮನೆಯವರಿಗೆ ದೊಡ್ಡ ಮಾವಿನ ತೋಪು. ಅಕ್ಕ ಬಿ.ಎ. ಓದನ್ನು ಅರ್ಧಕ್ಕೇ ಬಿಟ್ಟು ಹೋಗಿದ್ದಳು. ಸಂಕ್ರಾಂತಿಗೆಂದು ತವರಿಗೆ ಬಂದವಳು ತಿರುಗಿ ಹೋಗಲಿಲ್ಲ. ಕಾರಣ ಕೇಳಿದರೆ ಬಾಯಿ ಬಿಡಲಿಲ್ಲ. ಹಬ್ಬದ ಮಾರನೆಯ ದಿನ ಮಾಮನನ್ನೂ ಜೊತೆಗೆ ಕರೆದುಕೊಂಡು ಹೋಗಿ ಅವಳನ್ನು ಬಿಟ್ಟು ಬರುವುದೆಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದರು.

ಅವತ್ತು ಮಾಮ ಎಲ್ಲರನ್ನೂ ಕೇಳಿದರು, ಅಕ್ಕನನ್ನು ಮಾತ್ರ ಕೇಳಲಿಲ್ಲ. ಎರಡನ್ನೂ ಸಮವಾಗಿ ಬೆರೆಸಿ ಅವಳ ಕೈಗೆ ಹಾಕಲು ಹೋದರು. ಅಕ್ಕ ಕೈ ಚಾಚಲಿಲ್ಲ.

"ನನ್ನ ಕೇಳಲ್ವಾ ಮಾಮ?"

ಮಾಮ ತಲೆಯೆತ್ತಲಿಲ್ಲ. "ಹೇಳಮ್ಮ" ಎಂದರು, ಮೆಲ್ಲಗೆ.

"ಮತ್ತೆ ಮಾಡೋ ಅಂಥದ್ದು ಏನೂ ಇಲ್ಲ. ಮಾಡಬಾರದ್ದು ಒಂದಿದೆ. ನಾನು ಆ ಮನೆಗೆ ವಾಪಸ್ ಹೋಗಬಾರದು. ಅವರು ಹೊಡೀತಾರೆ ಮಾಮ. ಅತ್ತೆ ಮಾವ ನೋಡ್ಕೊಂಡು ಸುಮ್ನಿರ್ತಾರೆ."

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ಎದ್ದು ನಿಂತರು. "ಹಬ್ಬದ ದಿನ ಏನ್ ಮಾತಿದು? ಹೊಂದ್ಕೊಂಡು ಹೋಗ್ಬೇಕಮ್ಮ. ಜನ ಏನಂತಾರೆ?"

"ಕೂತ್ಕೊಳ್ಳಿ ಭಾವ" ಎಂದರು ಮಾಮ. ಅಪ್ಪನಿಗೆ ಅವರು ಎದುರು ಮಾತಾಡಿದ್ದನ್ನು ನಾವು ಅದುವರೆಗೆ ಕಂಡಿರಲಿಲ್ಲ. ಮಾಮನ ಮುಖ ಕೆಂಪೇರಿತ್ತು. ಇನ್ನೇನು ತೆಲುಗು ಶುರುವಾಗುತ್ತದೆಂದು ನಾವೆಲ್ಲ ಗೋಡೆಗೆ ಒತ್ತಿಕೊಂಡೆವು. ಶುರುವಾಯಿತು ಕೂಡ.

"ತಪ್ಪು ನಾದೇ ಅಮ್ಮಾ. ನಾದೇ."

ತಪ್ಪು ನನ್ನದೇ ಎಂದು ಅವತ್ತು ಮಾಮ ಬೈದದ್ದು ತಮ್ಮನ್ನು ತಾವೇ. ಆಮೇಲೆ ಕನ್ನಡಕ್ಕೆ ಬಂದರು. "ಆ ಮನೆಗೆ ಹೋಗಿ ನೋಡ್ಕೊಂಡು ಬಂದೋನು ನಾನು. ಮರಮರಕ್ಕೂ ಕೈ ಹಚ್ಚಿ ನೋಡ್ದೆ. ಕಾಫಿ ತಂದುಕೊಟ್ಟ ಆ ಮನೆ ಹೆಂಗಸರ ಮುಖದಲ್ಲಿ ಒಂದು ನಗು ಇದ್ಯಾ ಅಂತ ನೋಡ್ಲಿಲ್ಲ." ಬಟ್ಟಲಲ್ಲಿದ್ದ ಬೇವನ್ನಷ್ಟೂ ಬಾಚಿ ಬಾಯಿಗೆ ತುಂಬಿಕೊಂಡರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಆದರೂ ಅಗಿಯುವುದನ್ನು ನಿಲ್ಲಿಸಲಿಲ್ಲ. ಬೆಲ್ಲದ ಬಟ್ಟಲನ್ನು ಅಕ್ಕನ ಕೈಗೆ ಕೊಟ್ಟರು. "ನೀನು ಎಲ್ಲೂ ಹೋಗ್ಬೇಡ. ಜನ ಕೇಳಿದ್ರೆ ನನ್ನ ಹತ್ರ ಕಳ್ಸಿ ಭಾವ, ನಾನು ಹೇಳ್ತೀನಿ. ಈಗ ಹೇಳು ತಾಯಿ, ಈ ವರ್ಷ ಏನ್ ಮಾಡ್ತೀಯ?"

"ಓದು ಮುಗಿಸ್ತೀನಿ" ಎಂದಳು ಅಕ್ಕ.

ಮಾರನೆಯ ದಿನ ನಾವೆಲ್ಲ ಕೋಲಾರದ ಬಸ್ಸು ಹತ್ತಿದೆವು. ಅಕ್ಕನಿಗೆ ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟವರು ಅಪ್ಪನೇ.

ಮುಂದಿನ ಯುಗಾದಿಗೆ ಅಕ್ಕ ತಾನಾಗಿಯೇ ಮುಂದೆ ಹೋಗಿ ನಿಂತಳು. ಮತ್ತೆ ಕಾಲೇಜಿಗೆ ಸೇರಿದ್ದಳು, ಮೈಕೈ ತುಂಬಿಕೊಂಡಿದ್ದಳು. "ಹೆಂಗಿತ್ತು ವರ್ಷ?" ಎಂದರು ಮಾಮ ಹಳೇ ಗತ್ತಿನಲ್ಲಿ.

"ಸಿಹಿಯಾಗಿತ್ತು ಮಾಮ."

ಕಾನೂನಿನ ಪ್ರಕಾರ ಅವಳಿಗೆ ಬೇವು ಬೀಳಬೇಕು. ಮಾಮ ಬೇವಿನ ಬಟ್ಟಲಿಗೆ ಕೈ ಹಾಕಿ, ಹಾಗೇ ಹಿಂದಕ್ಕೆ ತೆಗೆದು, ಅವಳ ಬೊಗಸೆ ತುಂಬ ಬೆಲ್ಲ ಸುರಿದರು. "ಮೋಸ! ಮೋಸ!" ಎಂದು ನಾವೆಲ್ಲ ಕೂಗಿಕೊಂಡೆವು.

"ಸುಮ್ನಿರ್ರೋ. ಅವಳ ಪಾಲಿನ ಬೇವು ನಾನು ತಿಂದು ಮುಗಿಸಿದ್ದೀನಿ" ಎಂದರು. ನಾವು ಬಿಡಲಿಲ್ಲ. ಕೋಪ ನೆತ್ತಿಗೇರಿ, ಮಾಮ ತೆಲುಗಿನಲ್ಲಿ ಬೈಯಲೆಂದು ಬಾಯಿ ತೆರೆದರು. ಅಕ್ಕ ತನ್ನ ಬೊಗಸೆಯಲ್ಲಿದ್ದ ಬೆಲ್ಲದಲ್ಲಿ ಅರ್ಧವನ್ನು ಆ ಬಾಯಿಗೆ ಹಾಕಿಬಿಟ್ಟಳು.