ಗೋಪಾಲಣ್ಣನ ಕೆಮ್ಮು

ನಮ್ಮ ಮನೆಗೆ ಫ್ಲೂ ತಂದವನು ನಾನೇ. ಬೇರೆಯವರು ಅದನ್ನು ಗೊತ್ತಿಲ್ಲದೆ ತರುತ್ತಾರೆ. ನಾನು ಕೇಳಿ ಈಸಿಕೊಂಡು ಬಂದೆ. ಬಂಗಾರಪೇಟೆಯಿಂದ ನಮ್ಮ ಊರಿಗಾಂ ಸ್ಟೇಷನ್ನಿನವರೆಗೂ ಸಂಜೆ ರೈಲಿನಲ್ಲಿ ಗೋಪಾಲಣ್ಣನ ಎದುರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಅವನು ಕೆಮ್ಮಿ ಸುಮ್ಮನಾದಾಗಲೆಲ್ಲ "ಇನ್ನೊಂದ್ಸಲ ಕೆಮ್ಮಣ್ಣಾ, ಕೊನೇದು ಸರಿಯಾಗಿ ಕೇಳಿಸ್ಲಿಲ್ಲ" ಎಂದು ಗೋಗರೆದೆ. ಪಾಪ, ನಮ್ಮೂರಿನವನೇ, ದಿನಸಿ ಮಂಡಿಯಲ್ಲಿ ಲೆಕ್ಕ ಬರೆಯುವ ಸಾಧು ಮನುಷ್ಯ. ಜ್ವರದಲ್ಲೂ ನನ್ನ ಮಾತಿಗೆ ಬೆಲೆ ಕೊಟ್ಟು ಕೆಮ್ಮಿದ.

ಯಾಕೆ ಅಂತೀರಿ? ನನಗೆ ಬರುವುದು ಒಂದೇ ವಿದ್ಯೆ, ಇನ್ನೊಬ್ಬರ ದನಿ ತೆಗೆಯುವುದು. ಹೊಟ್ಟೆಪಾಡಿಗೆ ಬಂಗಾರಪೇಟೆ ಸ್ಟೇಷನ್ ಪಕ್ಕದ ಅಂಗಡಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತೇನೆ ನಿಜ, ಆದರೆ ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ನನ್ನನ್ನು ನೋಡಬೇಕು. ಎಲ್ಲರೂ ಮಾತನ್ನು ಅನುಕರಿಸುತ್ತಾರೆ, ನಾನು ಕೆಮ್ಮನ್ನು ಹಿಡಿದೆ. ಮಾತಿನಲ್ಲಿ ಮನುಷ್ಯ ನಾಟಕ ಆಡಬಹುದು, ಕೆಮ್ಮಿನಲ್ಲಿ ಸಿಕ್ಕಿಬೀಳುತ್ತಾನೆ. ಗಿರಾಕಿ ರೇಟು ಕಡಿಮೆ ಮಾಡಿ ಎಂದರೆ ನಮ್ಮ ಅಂಗಡಿ ಮಾಲೀಕರಿಗೆ ಬರುವ ಕೆಮ್ಮೇ ಬೇರೆ, ಟೀ ಬಂದಾಗ ಬರುವ ಕೆಮ್ಮೇ ಬೇರೆ. ಗೋಪಾಲಣ್ಣನ ಕೆಮ್ಮಂತೂ ಅಪರೂಪದ ಸರಕು. ಹಳೇ ಮೋಪೆಡ್ ಸ್ಟಾರ್ಟ್ ಮಾಡಿದ ಹಾಗೆ ಶುರುವಾಗಿ, ಏರಿನಲ್ಲಿ ಏದುಸಿರು ಬಿಟ್ಟು, ಕೊನೆಗೆ ಕೊಡ ಉರುಳಿದಂತೆ ಮುಗಿಯುತ್ತಿತ್ತು.

ಇದನ್ನು ಮನೆಗೆ ತಂದು ತಾತನ ಮುಂದೆ ಒಪ್ಪಿಸಬೇಕು, ಅದು ನಮ್ಮಿಬ್ಬರ ಆಟ. ಗಣಿ ಕಂಪನಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿಸಿದ ಲೈನು ಮನೆ ನಮ್ಮದು: ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ತಗಡು ಇಳಿಬಿಟ್ಟ ಜಗಲಿ. ತಾತ ಮಂಚದ ಮೇಲೆ ಕಣ್ಣು ಮುಚ್ಚಿ ಕೂರುತ್ತಾರೆ. ನಾನು ಕೆಮ್ಮುತ್ತೇನೆ. "ಯಾರ್ದುಲಾ ಇದು" ಎಂದು ತಮ್ಮನ್ನೇ ಕೇಳಿಕೊಂಡು, ಒಂದು ಗಳಿಗೆ ಬಿಟ್ಟು ಹೆಸರು ಹೇಳುತ್ತಾರೆ. ತಪ್ಪಿದ್ದೇ ಇಲ್ಲ. ಅವತ್ತೂ ಗೋಪಾಲಣ್ಣನನ್ನು ಹಿಡಿದರು, ನಕ್ಕರು, ನಕ್ಕಿದ್ದಕ್ಕೆ ಅವರಿಗೇ ಕೆಮ್ಮು ಬಂತು. ಆ ಕೆಮ್ಮನ್ನು ಮಾತ್ರ ನಾನು ಯಾವತ್ತೂ ತೆಗೆಯುವುದಿಲ್ಲ. ತಾತ ಭೂಮಿಯೊಳಗೆ ಕಲ್ಲು ಕೊರೆದವರು. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು, ಧೂಳು ಮಾತ್ರ ಅವರ ಎದೆಯಲ್ಲೇ ಮನೆ ಮಾಡಿಕೊಂಡಿದೆ.

ಎರಡು ದಿನ ಕಳೆದಿತ್ತು. ಅಂಗಡಿಯಲ್ಲಿ ಸ್ಕ್ರೂ ಬಿಚ್ಚುತ್ತಿದ್ದವನಿಗೆ ಯಾರೋ ನನ್ನನ್ನೇ ಬಿಚ್ಚಿಟ್ಟ ಹಾಗಾಯಿತು. ಒಂದೊಂದು ಮೂಳೆಯೂ ತನ್ನ ವಿಳಾಸ ಹೇಳಿಕೊಂಡು ನೋಯುತ್ತಿತ್ತು. ಹೇಗೋ ಮನೆ ಸೇರಿ ಬಾಗಿಲಲ್ಲೇ ಕೆಮ್ಮಿದೆ. ತಾತ ಅಭ್ಯಾಸಬಲದಿಂದ ಕಣ್ಣು ಮುಚ್ಚಿದರು. ಅಮ್ಮ ಒಳಗಿನಿಂದ, ಇದು ಬಲು ಚೆನ್ನಾಗಿದೆ, ಹಬ್ಬಕ್ಕೆ ಇದನ್ನೇ ಮಾಡು ಎಂದಳು. ನಾನು ಮತ್ತೆ ಕೆಮ್ಮಿದೆ. ತಾತ ಬಹಳ ಹೊತ್ತು ಯೋಚಿಸಿ, "ಗೊತ್ತಾಗ್ಲಿಲ್ಲ ಕಣ್ಲಾ, ಯಾರ್ದು?" ಎಂದು ಮೊದಲ ಸಲ ಸೋಲೊಪ್ಪಿಕೊಂಡರು. ಇಷ್ಟು ವರ್ಷ ಊರಿನವರ ಕೆಮ್ಮನ್ನೆಲ್ಲ ಕೆಮ್ಮಿದ್ದೆನಲ್ಲ, ನನ್ನ ಕೆಮ್ಮು ಹೇಗಿದೆಯೆಂದು ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ. ಅಮ್ಮ ಬಂದು ಹಣೆ ಮುಟ್ಟಿದಳು. ಮುಟ್ಟಿದ ಕೈ ತೆಗೆಯದೆಯೇ, ನನ್ನನ್ನಲ್ಲ, ತಾತನನ್ನು ನೋಡಿದಳು.

ಡಾಕ್ಟರಿಗೂ ನನಗಿಂತ ಮನೆಯವರದೇ ಚಿಂತೆ. ನಿನಗೆ ಫ್ಲೂ, ಚಿಕ್ಕ ವಯಸ್ಸು, ವಾರದಲ್ಲಿ ಎದ್ದು ಓಡಾಡುತ್ತೀಯ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ತಾತನ ಎದೆಯ ವಿಷಯ ಹೇಳಿದ್ದೇ ಅವರ ದನಿ ಬದಲಾಯಿತು. ಇದು ಬರೀ ನೆಗಡಿಯಲ್ಲ, ದುರ್ಬಲ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಿ ಜೀವಕ್ಕೇ ಕುತ್ತು ಬರಬಹುದು. ಅವರಿಗೆ ಜ್ವರವೋ ಏದುಸಿರೋ ಕಂಡರೆ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೇಳುತ್ತ ನಿಲ್ಲಬೇಡಿ, ನೇರ ಇಲ್ಲಿಗೆ ಕರೆತನ್ನಿ, ಬೇಗ ಶುರು ಮಾಡಿದರೆ ಅದಕ್ಕೆ ಔಷಧ ಇದೆ ಎಂದರು. ಒಮ್ಮೆ ಬಂದು ಹೋದದ್ದು ಮತ್ತೆ ಯಾಕೆ ಬರುತ್ತದೆ ಎಂದು ಕೇಳಿದೆ. ಈ ವೈರಸ್ಸು ವರ್ಷ ವರ್ಷ ಸ್ವಲ್ಪ ಸ್ವಲ್ಪ ವೇಷ ಬದಲಿಸುತ್ತದಂತೆ. ಹೋದ ವರ್ಷ ಕಂಡ ಮುಖವನ್ನೇ ನೆನಪಿಟ್ಟುಕೊಂಡ ಮೈಯೊಳಗಿನ ಕಾವಲುಗಾರರು ಹಳೇ ಕಳ್ಳನನ್ನೇ ಯಾರೋ ಹೊಸಬನೆಂದು ಒಳಗೆ ಬಿಟ್ಟುಬಿಡುತ್ತಾರಂತೆ. ಅದಕ್ಕೇ ಲಸಿಕೆಯನ್ನೂ ವರ್ಷ ವರ್ಷ ಹೊಸದಾಗಿ ಹಾಕಿಸಬೇಕಂತೆ. ನನಗೆ ಜ್ವರದಲ್ಲೂ ಕಿವಿ ನೆಟ್ಟಗಾಯಿತು. ಇವನು ನಮ್ಮ ಕಸುಬಿನವನೇ! ನಾನು ನಾಲ್ಕು ಜನರ ದನಿಗೆ ಸುಸ್ತಾಗುತ್ತೇನೆ, ಇವನು ಕಣ್ಣಿಗೂ ಕಾಣದೆ ಲೋಕವನ್ನೆಲ್ಲ ಯಾಮಾರಿಸುತ್ತಾನೆ.

ಒಂದೇ ಕೋಣೆಯ ಮನೆಯಲ್ಲಿ ದೂರ ಇರುವುದು ಎಲ್ಲಿ? ನನ್ನನ್ನು ಜಗಲಿಗೆ ಹಾಕಿದರು. ತಟ್ಟೆ ಬೇರೆ, ಲೋಟ ಬೇರೆ, ಮುಖಕ್ಕೆ ಮಾಸ್ಕು. ಒಳಗಿನ ಕಿಟಕಿಯನ್ನು ಅಮ್ಮ ಹಗಲೆಲ್ಲ ತೆಗೆದೇ ಇಟ್ಟಳು, ನನ್ನ ಹತ್ತಿರ ಬಂದು ಹೋದಾಗಲೆಲ್ಲ ಸೋಪು ಹಾಕಿ ಕೈ ತೊಳೆದಳು. ಒಂದು ಬೆಳಿಗ್ಗೆ ಗಂಜಿ ಕುಡಿಯಲೆಂದು ಮಾಸ್ಕ್ ತೆಗೆದಿದ್ದೆ, ಸೀನು ಬಂತು. ತಗಡಿನ ತೂತಿನಿಂದ ಬಿಸಿಲು ಕೋಲಿನ ಹಾಗೆ ಇಳಿದಿತ್ತು. ಆ ಬೆಳಕಿನಲ್ಲಿ ನನ್ನ ಸೀನು ಹನಿಹನಿಯಾಗಿ ಹಾರಿ ಹೊಸ್ತಿಲವರೆಗೂ ಹೋದದ್ದನ್ನು ಕಣ್ಣಾರೆ ಕಂಡೆ. ಆಮೇಲೆ ಮಡಿಸಿದ ಮೊಣಕೈಯೊಳಗೆ ಸೀನಿ ನೋಡಿದೆ, ಬಿಸಿಲಿನಲ್ಲಿ ಏನೂ ಹಾರಲಿಲ್ಲ. ಇಷ್ಟು ದಿನ ನಾನು ಅಂಗೈಗೆ ಸೀನಿ, ಅದೇ ಕೈಯಿಂದ ಗಿರಾಕಿಗಳಿಗೆ ಮೊಬೈಲು ಒರೆಸಿ ಕೊಟ್ಟಿದ್ದೇನೆ. ಅವರು ಅದನ್ನು ಕಿವಿಗೆ ಕೆನ್ನೆಗೆ ಒತ್ತಿ ಹಿಡಿದು ನನಗೆ ಥ್ಯಾಂಕ್ಸ್ ಬೇರೆ ಹೇಳಿದ್ದಾರೆ.

ಇನ್ನೊಂದು ಕಷ್ಟವೆಂದರೆ ನಮ್ಮ ಲೈನಿನ ಪ್ರೀತಿ. ಯಾರಾದರೂ ಮಲಗಿದ್ದಾರೆಂದರೆ ಬ್ರೆಡ್ ಹಿಡಿದು ನೋಡಲು ಬರಲೇಬೇಕು, ಬಂದವರು ಹಣೆ ಮುಟ್ಟಲೇಬೇಕು, ಆಮೇಲೆ ಒಳಗೆ ಹೋಗಿ ತಾತನ ಪಕ್ಕ ಕೂತು ಮರುಗಲೇಬೇಕು. ಪಕ್ಕದ ಮನೆ ಸೆಲ್ವಿ ಅಕ್ಕ ಮೆಣಸಿನ ರಸಂ ತಂದು, ತಮಿಳಿನಲ್ಲಿ ಅರ್ಧ ಕನ್ನಡದಲ್ಲಿ ಅರ್ಧ ಬೈಯುತ್ತ ನನಗೆ ಕುಡಿಸಲೆಂದೇ ಕೂತರು. ನಾನು ಬೇಡ ಅಕ್ಕಾ ಎಂದರೆ ಯಾರು ಕೇಳುತ್ತಾರೆ? ಆಗ ಕಂಬಳಿ ಮುಸುಕೆಳೆದು ತಾತನ ದನಿ ತೆಗೆದೆ: "ರಸ ಅಲ್ಲೇ ಮಡಗಿ ಓಗಮ್ಮ. ಉಡುಗುನ್ಗೆ ಕೆಟ್ಟ ಜ್ವರ, ಯಾರೂ ಒಳೀಕ್ ಬರ್ಬ್ಯಾಡಿ." ತಾತನೇ ಒಳಗಿನಿಂದ ಗದರಿದರೆಂದು ಅಕ್ಕ ಎದ್ದು ನಿಂತರು. ತಾತನ ಮಾತಿಗೆ ಲೈನಿನಲ್ಲಿ ಅಂಥ ತೂಕ. ಆ ವಾರವೆಲ್ಲ ತಾತ ತಮಗೇ ಗೊತ್ತಿಲ್ಲದೆ ಊರನ್ನೆಲ್ಲ ಬಾಗಿಲಿಂದ ಅಟ್ಟಿದರು.

ಒಂದು ಸಂಜೆ ಮಾತ್ರ ನನ್ನ ಕುಶಾಲು ಪೂರ್ತಿ ಇಳಿಯಿತು. ಒಳಗೆ ತಾತ ಕೆಮ್ಮಿದರು. ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ನಾನು ಗೋಡೆಗೆ ಕಿವಿ ಹಚ್ಚಿದೆ. ಧೂಳಿನ ಕೆಮ್ಮೋ, ನಾನು ಕೊಟ್ಟದ್ದೋ? ಆರ್ಕೆಸ್ಟ್ರಾಕ್ಕಾಗಿಯೂ ನಾನು ಒಂದು ಕೆಮ್ಮನ್ನು ಅಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲ. ಇನ್ನೊಂದು ಸಲ ಕೆಮ್ಮಿ ಎಂದು ಕೇಳುವ ಧೈರ್ಯ ಇರಲಿಲ್ಲ. ಇನ್ನೊಂದು ಬರದಿರಲಿ ಎಂದೇ ಕಾಯುತ್ತಿದ್ದೆ. ಗೋಡೆಯಾಚೆಯಿಂದ ಅವರೇ ಹೇಳಿದರು: "ನಂದೇ ಕಣ್ಲಾ, ಅಳೇದೇ. ಮನಿಕೋ."

ಹಳೆಯದೇ ಆಗಿತ್ತು. ತಾತನಿಗೆ ಜ್ವರ ಬರಲಿಲ್ಲ, ನಾನು ಎದ್ದು ಓಡಾಡಿದೆ. ಆದರೆ ಲಸಿಕೆ ಮಾತೆತ್ತಿದರೆ ತಾತ, ಅಷ್ಟು ಆಳ ಇಳಿದು ಹತ್ತಿ ಬಂದವನಿಗೆ ಸೂಜಿ ಯಾತಕ್ಕೆ ಎಂದು ಗೋಡೆಗೆ ತಿರುಗುತ್ತಿದ್ದರು. ನಾನು ಡಾಕ್ಟರ ದನಿಯಲ್ಲಿ ಹೇಳಿ ನೋಡಿದೆ, ಅಮ್ಮನ ದನಿಯಲ್ಲಿ ಅತ್ತು ನೋಡಿದೆ. ಕೊನೆಗೆ ಒಂದು ಷರತ್ತಿಗೆ ಇಳಿದರು: ಮೊದಲು ನಾನು ಚುಚ್ಚಿಸಿಕೊಳ್ಳಬೇಕು, ಕಮಕ್ ಕಿಮಕ್ ಅನ್ನಬಾರದು, ಬಾಯಿಂದ ಸದ್ದು ಬಂದರೆ ಅವರು ಅಲ್ಲಿಂದಲೇ ವಾಪಸ್ಸು. ಸೂಜಿ ಕಂಡರೆ ನನಗೆ ಪ್ರಾಣ ಹೋಗುತ್ತದೆಂದು ಗೊತ್ತಿದ್ದೇ ಹಾಕಿದ ಷರತ್ತು.

ಆಸ್ಪತ್ರೆಯಲ್ಲಿ ಅಂಗಿ ತೋಳು ಮಡಿಸಿ ಕೂತೆ. ಹಲ್ಲು ಕಚ್ಚಿ, ಈ ಹೊತ್ತು ತಾತನ ಬದುಕು ನನ್ನ ಬಾಯಿಯ ಮೇಲೆ ನಿಂತಿದೆ ಎಂದುಕೊಂಡೆ. ಸಿಸ್ಟರು ಹತ್ತಿಯಿಂದ ಒರೆಸಿದರು ಅಷ್ಟೇ, ಸೂಜಿ ಇನ್ನೂ ತಗುಲಿರಲಿಲ್ಲ. ನನ್ನ ಬಾಯಿಂದ ಹೊರಟ ಕೂಗಿಗೆ ಹೊರಗೆ ಸಾಲಿನಲ್ಲಿದ್ದವರೆಲ್ಲ ಎದ್ದು ನಿಂತರು. ಚುಚ್ಚಿ ಮುಗಿದ ಮೇಲೂ ನಾನು ಕಣ್ಣು ಬಿಡಲಿಲ್ಲ. ತಾತನ ಕೋಲಿನ ಸದ್ದು ಬಾಗಿಲ ಕಡೆ ಹೋಗುತ್ತದೆಂದು ಕಾದೆ. ಸದ್ದು ನನ್ನ ಕಡೆಗೇ ಬಂತು. ನನ್ನ ಹಬ್ಬದ ಕಾರ್ಯಕ್ರಮ ನೋಡಿದ್ದ ಸಿಸ್ಟರು ನಗುತ್ತ, ಕೂಗು ಬಹಳ ಚೆನ್ನಾಗಿತ್ತು, ಇದು ಯಾರದು ತಾತ ಎಂದು ಕೇಳಿದರು. ತಾತ ನನ್ನನ್ನು ಸ್ಟೂಲಿನಿಂದ ಎಬ್ಬಿಸಿ, ತಾವು ಕೂತು, ನಿಧಾನವಾಗಿ ಅಂಗಿ ತೋಳು ಮೇಲೆತ್ತಿದರು.

"ಬ್ಯಾರೇರ್ದೆಲ್ಲಾ ಮಾಡ್ತಾನೆ ಕಣಮ್ಮ. ಅವನ ಸ್ವಂತದ್ದು ಅಂತ ಇರೋದು ಇದೊಂದೇ."