ಮಾವನ ಉಯಿಲೂ ಕುಣಿಗಲ್ಲಿನ ಸಾಕ್ಷಿಯೂ

ಮನುಷ್ಯ ಸತ್ತರೆ ಅವನ ತಾಪತ್ರಯ ಮುಗಿಯಿತು ಎನ್ನುವವರು ಯಾರ ಉಯಿಲಿಗೂ ಎಕ್ಸಿಕ್ಯೂಟರ್ ಆದವರಲ್ಲ. ನಾನು ಆದೆ. ನನ್ನ ಸೋದರಮಾವ ನಂಜುಂಡಪ್ಪನವರಿಗೆ ಹೆಂಡತಿ ಮೊದಲೇ ಹೋಗಿದ್ದರು, ಮಕ್ಕಳಿರಲಿಲ್ಲ. ಸಿ.ಎಸ್. ಪುರದ ತೆಂಗಿನ ತೋಟವನ್ನು ತಮಗೆ ಬೇಯಿಸಿ ಹಾಕುತ್ತಿದ್ದ ವಿಧವೆ ತಂಗಿಗೆ, ಅಂದರೆ ನನ್ನ ಚಿಕ್ಕಮ್ಮನಿಗೆ ಬರೆದಿಟ್ಟು, ಅದನ್ನು ನೆರವೇರಿಸುವ ಹೊಣೆಯನ್ನು ನನ್ನ ತಲೆಗೆ ಕಟ್ಟಿ ಹೋದರು. ಉಯಿಲಿನಲ್ಲಿ ನನ್ನ ಹೆಸರು ಕಂಡಾಗ ದುಃಖದ ನಡುವೆಯೂ ಎದೆ ತುಸು ಉಬ್ಬಿದ್ದು ನಿಜ. ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಕೊತ್ತಂಬರಿ ಸೊಪ್ಪು ತರಲೂ ನನ್ನನ್ನು ಯಾರೂ ನಂಬುವುದಿಲ್ಲ.

ಉಬ್ಬಿದ ಎದೆ ಬೇಗನೆ ಇಳಿಯಿತು. ಮಾವನ ತಮ್ಮ, ಉಯಿಲೇ ಸುಳ್ಳು, ತನಗೂ ಭಾಗ ಬೇಕು ಎಂದು ತಕರಾರು ಎತ್ತಿದರು. ತುಮಕೂರಿನ ವಕೀಲರು, "ಪ್ರೊಬೇಟ್ ತಗೊಂಡ್ಬಿಡಿ ಸಾರ್" ಎಂದರು. ನಾನು ಅದು ಯಾವುದೋ ಮಾತ್ರೆ ಇರಬೇಕೆಂದುಕೊಂಡೆ. ಅವರೇ ಬಿಡಿಸಿ ಹೇಳಿದರು: "ಸತ್ತವರ ಕೊನೇ ಉಯಿಲು ಇದೇ, ಸರಿಯಾಗಿದೆ ಅಂತ ಕೋರ್ಟು ಮೊಹರು ಹಾಕಿ ಕೊಡೋದು. ನಮ್ ಕಡೆ ಕಡ್ಡಾಯ ಏನಿಲ್ಲ. ಆದ್ರೆ ತಕರಾರು ಬಂದಿದೆಯಲ್ಲ, ಸಾಬೀತು ಮಾಡಿದ್ರೆ ನಿಶ್ಚಿಂತೆ. ಸಹಿ ಹಾಕಿದ ಸಾಕ್ಷಿ ಒಬ್ಬರಾದ್ರೂ ಬಂದು ಹೇಳ್ಬೇಕು."

ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ಮಾವನಿಗಿಂತ ಮೊದಲೇ ಹೊರಟುಹೋಗಿದ್ದರು. ಉಳಿದವರು ಕುಣಿಗಲ್ಲಿನ ಶಿವಣ್ಣ, ಮಾವನ ಬಾಲ್ಯದ ಗೆಳೆಯ. ಉಯಿಲು ಬರೆಯುವಾಗ ಇಬ್ಬರೂ ಒಂದೇ ಜೀವ. ಆಮೇಲೆ ಒಂದು ಮಧ್ಯಾಹ್ನ ತೋಟದ ಎಳನೀರು ಕುಡಿದು ಶಿವಣ್ಣ, "ಯಾಕೋ ಉಪ್ಪುಪ್ಪಾಗೈತೆ ಕಣ್ಲಾ" ಎಂದರಂತೆ. ಅಷ್ಟೇ. ಅವತ್ತಿನಿಂದ ಮಾತು ಬಂದ್. ಗುಬ್ಬಿ ಸಂತೆಯಲ್ಲಿ ಎದುರಾದರೆ ನಮ್ಮ ಮಾವ, ಬೇಡದಿದ್ದರೂ ಬದನೆಕಾಯಿ ರಾಶಿಯ ಕಡೆ ತಿರುಗಿ ನಿಲ್ಲುತ್ತಿದ್ದರು.

ಇಂಥವರು ಸಾಕ್ಷಿ ಹೇಳುತ್ತಾರೆಯೇ ಎಂದು ಅಳುಕುತ್ತಲೇ ಕುಣಿಗಲ್ಲಿಗೆ ಹೋದೆ. ಜಗಲಿಯ ಮೇಲೆ ಕೂತಿದ್ದ ಶಿವಣ್ಣ ನನ್ನ ಗುರುತು ಹಿಡಿದು, ಬಾಗಿಲಲ್ಲಿ ನಿಂತ ಕಾರಿನತ್ತ ಕತ್ತು ಚಾಚಿದರು.

"ನಂಜನೂ ಬಂದವ್ನಾ? ಕಾರಲ್ಲೇ ಕುಂತವ್ನಾ? ಇಳಿಯಕ್ಕೆ ಹೇಳಪ್ಪ, ನಾನೇನೂ ಅನ್ನಕಿಲ್ಲ."

ಅವರಿಗೆ ಸಾವಿನ ಸುದ್ದಿಯನ್ನೇ ಯಾರೂ ಮುಟ್ಟಿಸಿರಲಿಲ್ಲವೆಂದು ನನಗೆ ಹೊಳೆದದ್ದು ಆಗ. ಮಾತಿಲ್ಲದವರಿಗೆ ಯಾಕೆ ಎಂದು ನಾವೆಲ್ಲ ಸುಮ್ಮನಾಗಿಬಿಟ್ಟಿದ್ದೆವು. ಹೇಗೋ ಹೇಳಿದೆ. ಅವರು ಕಾರನ್ನೇ ನೋಡುತ್ತ ಕೂತರು. "ಮಣ್ಣಿಗೂ ಕರೀಲಿಲ್ವಲ್ಲಪ್ಪ" ಎಂದರು ಕೊನೆಗೆ. ನಾನು ತಂದಿದ್ದ ಉಯಿಲಿನ ನಕಲು ಚೀಲದಿಂದ ಹೊರಗೆ ಬರಲು ನಾಚಿಕೊಂಡಿತು.

ಆದರೂ ಅವರು ಕೋರ್ಟಿಗೆ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಹಣೆ ತುಂಬ ವಿಭೂತಿ. ಎದುರು ಪಕ್ಷದ ವಕೀಲರು, "ಉಯಿಲು ಬರೆದಾಗ ಅವರ ಬುದ್ಧಿ ಸ್ತಿಮಿತದಲ್ಲಿತ್ತೇನ್ರೀ?" ಎಂದು ಕೇಳಿದರು.

"ಚೆನ್ನಾಗೇ ಇತ್ತು ಸ್ವಾಮಿ. ಕೆಟ್ಟಿದ್ದು ಆಮೇಲೆ, ನನ್ ಜತೆ ಮಾತು ಬುಟ್ಟಾಗ."

ಕೋರ್ಟಿನಲ್ಲಿ ಎಲ್ಲರೂ ನಕ್ಕರು. ಶಿವಣ್ಣ ನಗಲಿಲ್ಲ. "ನನ್ ಬುದ್ದೀನೂ ನೆಟ್ಟಗಿರಲಿಲ್ಲ ಬುಡಿ. ನಾನಾದ್ರೂ ಹೋಗಿ ಮಾತಾಡಿಸ್ಬೋದಾಗಿತ್ತು" ಎಂದರು. ಆ ಮಾತಿಗೂ ಕೇಸಿಗೂ ಸಂಬಂಧವಿಲ್ಲವೆಂದು ವಕೀಲರು ಹೇಳಿದರು. ಕಾನೂನಿನ ಪ್ರಕಾರ ಇರಲಿಕ್ಕಿಲ್ಲ.

ಪ್ರೊಬೇಟ್ ಸಿಕ್ಕಿತು. ಚಿಕ್ಕಮ್ಮ ಶಿವಣ್ಣನನ್ನು ತೋಟಕ್ಕೆ ಕರೆದುಕೊಂಡು ಹೋಗಿ ಮಾವನ ಸಮಾಧಿ ತೋರಿಸಿದರು. "ನೀವ್ ನಡೀರವ್ವ, ಬತ್ತೀನಿ" ಎಂದು ಶಿವಣ್ಣ ನಮ್ಮನ್ನು ಕಳಿಸಿ ಅಲ್ಲೇ ಉಳಿದರು. ಏನು ಮಾತಾಡಿದರೋ ಗೊತ್ತಿಲ್ಲ. ಊಟಕ್ಕೆ ಕೂಗಿದರೂ ಬಹಳ ಹೊತ್ತು ಬರಲಿಲ್ಲ.

ಇಷ್ಟೆಲ್ಲ ಕಲಿತ ಮೇಲೆ ನಾನೂ ಒಂದು ಉಯಿಲು ಬರೆದಿಡುವುದು ಒಳ್ಳೆಯದೆನಿಸಿತು. "ಬರೀರಿ, ಆದ್ರೆ ಸಾಕ್ಷಿ ಯಾರ್ ಹಾಕ್ತಾರೆ?" ಎಂದಳು ಹೆಂಡತಿ. ಯೋಚಿಸಿದೆ. ಪಕ್ಕದ ಮನೆಯವರೊಂದಿಗೆ ಸ್ಕೂಟರ್ ನಿಲ್ಲಿಸುವ ಜಾಗದ ಜಗಳ. ಆಫೀಸಿನ ಗೆಳೆಯನೊಂದಿಗೆ ಚುನಾವಣೆಯ ಜಗಳ. ಗುಬ್ಬಿಯಲ್ಲಿರುವ ಷಡ್ಡಕ ಯಾವುದೋ ಮದುವೆ ಮನೆಯಲ್ಲಿ ನನ್ನ ಗೊರಕೆಯನ್ನು ಅನುಕರಿಸಿ ತೋರಿಸಿದ್ದಕ್ಕೆ ಅವನ ಜೊತೆಗೂ ಮಾತು ಬಿಟ್ಟಿದ್ದೆ. ಅವನಾದರೂ ಆಗಬಹುದೆಂದು, ಅಭಿಮಾನ ನುಂಗಿಕೊಂಡು ಫೋನ್ ಮಾಡಿದೆ.

ನನ್ನ ದನಿ ಕೇಳಿದ್ದೇ ತಡ, ಅವನು ಗಾಬರಿಯಿಂದ ಕೇಳಿದ:

"ಅಯ್ಯೋ, ಯಾರ್ ಹೋದ್ರು ಅಣ್ಣ?"